ಭಾವ ತಿದ್ದಿದ ಮುಸುವ

ನಮ್ಮ ಭಾವ ಯಾರ ಮುಖವನ್ನೂ ಇದ್ದ ಹಾಗೆ ಬಿಟ್ಟವರಲ್ಲ. ಹೊಡೆದಾಟದ ಮನುಷ್ಯ ಎಂದುಕೊಳ್ಳಬೇಡಿ. ಅವರಿಗೆ ಒಂದು ಸೊಳ್ಳೆ ಹೊಡೆಯಬೇಕಾದರೂ ನಮ್ಮಕ್ಕನ ಅನುಮತಿ ಬೇಕು. ಅವರಿರುವುದು ಫೋಟೋ ಸ್ಟುಡಿಯೋದಲ್ಲಿ, ಟಚಪ್ ಕೆಲಸದಲ್ಲಿ. ಮುಖ ಎಂಬುದನ್ನು ದೇವರು ಅರ್ಧಂಬರ್ಧ ಮಾಡಿ ಕಳಿಸುತ್ತಾನೆ, ಉಳಿದದ್ದು ಕಂಪ್ಯೂಟರಿನ ಮುಂದೆ ಕೂತವನ ಜವಾಬ್ದಾರಿ ಎಂಬುದು ಅವರ ಸಿದ್ಧಾಂತ. ಮೊಡವೆ, ಸುಕ್ಕು, ಕಣ್ಣಡಿಯ ಕಪ್ಪು, ಹಲ್ಲಿನ ಹಳದಿ, ಇವೆಲ್ಲ ಅವರ ಸ್ವಂತ ಶತ್ರುಗಳು. ಮನೆಗೆ ನೆಂಟರು ಬಂದರೆ ಅವರ ಮಾತು ಇವರ ಕಿವಿಗೆ ಬೀಳುವುದಿಲ್ಲ. ಎರಡು ಬೆರಳು ಸೇರಿಸಿಕೊಂಡು, ನೆಂಟರ ಗಲ್ಲವನ್ನೇ ನೋಡುತ್ತ, ಗಾಳಿಯಲ್ಲಿ ಏನನ್ನೋ ಒರೆಸುತ್ತಿರುತ್ತಾರೆ. ಒಮ್ಮೆ ಅಕ್ಕನ ಅತ್ತೆಯ ಮುಖದ ಮೇಲಿನ ನರೂಲಿಯನ್ನು ಹೀಗೆ ಊಟ ಮುಗಿಯುವತನಕ ಒರೆಸಿದರು. ಅತ್ತೆ ಎಂದರೆ ಭಾವನ ತಾಯಿಯೇ, ಆದರೂ ಆಕೆ ಬೇಸರ ಮಾಡಿಕೊಂಡು ಹೋದರು.

ನಾನು ಅಕ್ಕನ ತಮ್ಮ. ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ. ಅಕ್ಕ, ಭಾವ ಇರುವ ಮನೆಯಲ್ಲೇ ಒಂದು ಕೋಣೆ ಹಿಡಿದುಕೊಂಡು ಬಿದ್ದಿದ್ದೇನೆ. ಬಾಡಿಗೆ ಕೊಡುವುದಿಲ್ಲವಾದ್ದರಿಂದ ಅಭಿಪ್ರಾಯ ಕೊಡುತ್ತೇನೆ.

ಈ ಗಲಾಟೆ ಶುರುವಾದ ದಿನ ನಾನು ಸ್ಟುಡಿಯೋದಲ್ಲೇ ಇದ್ದೆ. ಫೋಟೋ ತೆಗೆಯುವಾಗ ಹಿಂದೆ ಇಳಿಬಿಡುವ ನೀಲಿ ಪರದೆ ಹರಿದಿತ್ತು. ಹೊಸದನ್ನು ಹೊಲಿದು ತಂದು, ಏಣಿ ಹತ್ತಿ ಕೊಂಡಿಗೆ ಸಿಕ್ಕಿಸುತ್ತಿದ್ದೆ. ಕೆಳಗೆ ಸ್ಟೂಲಿನ ಮೇಲೆ ನಮ್ಮ ಕಟ್ಟಡದ ಸಂಘದ ಅಧ್ಯಕ್ಷರು ಫೋಟೋಗೆಂದು ಎದೆಯುಬ್ಬಿಸಿ ಕೂತಿದ್ದರು. ಸ್ಟುಡಿಯೋ ಮಾಲೀಕರು ಕ್ಯಾಮೆರಾ ಬಿಟ್ಟು ಹೊಸದೊಂದು ಫೋನು ತೆಗೆದು, ಒಂದು ಸಲ ಒತ್ತಿ, ಅಧ್ಯಕ್ಷರ ಮೂಗಿನ ಕೆಳಗೆ ಹಿಡಿದರು.

"ನೋಡಿ. ಸುಕ್ಕಿಲ್ಲ, ಕಲೆಯಿಲ್ಲ. ಅದೇ ಒರೆಸಿಕೊಂಡುಬಿಡುತ್ತೆ. ಯಾರೂ ಕೂತು ತಿದ್ದಬೇಕಾಗಿಲ್ಲ."

ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. "ನನಗಿಂತ ಇವನೇ ಚೆನ್ನಾಗಿದ್ದಾನೆ" ಎಂದರು.

ಮಾಲೀಕರು ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಭಾವನ ಕಡೆ ತಿರುಗಿದರು. ರಿಪೇರಿ ಮಾಡಿಸುವುದೋ ಗುಜರಿಗೆ ಹಾಕುವುದೋ ಎಂದು ಹಳೇ ಫ್ಯಾನನ್ನು ನೋಡುತ್ತಾರಲ್ಲ, ಆ ನೋಟ. "ಮುಂದಿನ ತಿಂಗಳಿಂದ ನಿಮಗೆ ಏನು ಕೆಲಸ ಕೊಡೋದು ಅಂತ ಯೋಚ್ನೆ ಮಾಡ್ತಿದ್ದೀನಿ" ಎಂದರು.

ಬುದ್ಧಿವಂತರಾಗಿದ್ದರೆ ಆಗ ಸುಮ್ಮನಿರುತ್ತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಭಾವ ಎದ್ದು ನಿಂತರು.

"ಫೋನು ಇರೋ ಮುಖಾನ ಒರೆಸುತ್ತೆ ಸಾರ್. ಇಲ್ಲದೇ ಇರೋದನ್ನ ಬರೆಯುತ್ತಾ? ನಾನು ಕಲಾವಿದ. ಖಾಲಿ ಸ್ಕ್ರೀನ್ ಮೇಲೆ ಒಂದು ಕೋತಿ ಬರೀತೀನಿ, ಉಸಿರಾಡ್ತಿದೆ ಅನ್ನಬೇಕು, ಹಂಗೆ."

ಅಷ್ಟೊಂದು ಪ್ರಾಣಿಪಕ್ಷಿಗಳಿರುವಾಗ ಕೋತಿಯೇ ಯಾಕೆ ಎಂದು ಅಕ್ಕ ಆಮೇಲೆ ಕೇಳಿದಳು. ಎದುರಿಗೆ ಮಾಲೀಕರಿದ್ದರು, ಬೇರೆ ಏನೂ ಹೊಳೆಯಲಿಲ್ಲ ಎಂದರು ಭಾವ.

ಕೋತಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಧ್ಯಕ್ಷರು ಸ್ಟೂಲಿನಿಂದ ಇಳಿದರು. ನಮ್ಮ ಕಟ್ಟಡದ ತಾರಸಿಯನ್ನು ಕೆಂಪು ಮುಖದ ಕೋತಿಗಳ ಹಿಂಡೊಂದು ಹಿಡಿದುಕೊಂಡಿತ್ತು. ನಲ್ಲಿ ತಿರುಗಿಸಿ ಟ್ಯಾಂಕು ಖಾಲಿ ಮಾಡುವುದು, ಒಣಗಲು ಹಾಕಿದ ಬಟ್ಟೆ ಎಳೆದು ಬೇರೆಯವರ ಬಾಲ್ಕನಿಗೆ ಹಾಕುವುದು, ಹೀಗೆ ಅವುಗಳಿಂದಾಗಿ ಎಷ್ಟೋ ಮನೆಗಳ ನಡುವೆ ಮಾತು ನಿಂತುಹೋಗಿತ್ತು. ಅಧ್ಯಕ್ಷರು ಎಲ್ಲೋ ಪೇಪರಿನಲ್ಲಿ ಓದಿದ್ದರಂತೆ: ಕರಿ ಮುಖದ, ಉದ್ದ ಬಾಲದ ದೊಡ್ಡ ಮುಸುವನನ್ನು ಕಂಡರೆ ಈ ಸಣ್ಣ ಕೋತಿಗಳಿಗೆ ಆಗುವುದಿಲ್ಲ. ಆಳೆತ್ತರದ ಚಿತ್ರ ನಿಲ್ಲಿಸಿದರೂ ಸಾಕು, ಓಡಿಹೋಗುತ್ತವೆ.

"ಆದ್ರೆ ಪಕ್ಕಾ ನಿಜದ ಥರ ಇರ್ಬೇಕು. ಪೋಸ್ಟರ್ ಥರ ಇದ್ರೆ ಅವು ನಮ್ಮನ್ನ ನೋಡಿ ನಗ್ತವೆ" ಎಂದರು ಅಧ್ಯಕ್ಷರು.

ಮಾಲೀಕರ ಮುಖ ಅರಳಿತು. ಯಾರನ್ನೂ ತೆಗೆದುಹಾಕಿದೆ ಎನಿಸಿಕೊಳ್ಳದೆ ತೆಗೆದುಹಾಕುವ ದಾರಿ ಕಂಡಿತ್ತು. "ಒಳ್ಳೇದಾಯ್ತು. ಬರೀರಿ. ಕಟ್ಟಡದಿಂದ ಕೋತಿ ಹೋದ್ರೆ ನೀವು ಅಂಗಡೀಲಿ ಇರಿ. ಕೋತಿ ಹೋಗ್ಲಿಲ್ಲ ಅಂದ್ರೆ..."

"ನಾನು ಹೋಗ್ತೀನಿ" ಎಂದು ಭಾವ ವಾಕ್ಯವನ್ನೂ ತಿದ್ದಿ ಮುಗಿಸಿಕೊಟ್ಟರು.

ಅಕ್ಕನ ಮನೆ ನಡೆಯುವುದು ಆ ಸಂಬಳದಲ್ಲಿ. ನಾನು ನಡೆಯುವುದು ಅಕ್ಕನ ಮನೆಯಲ್ಲಿ. ಆದ್ದರಿಂದ ನಾನೂ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಸಂಜೆ ಅಕ್ಕ ಎಲ್ಲ ಕೇಳಿಸಿಕೊಂಡು, ಒಲೆ ಸಣ್ಣಗೆ ಮಾಡಿ, ಹೊರಗೆ ಬಂದಳು.

"ಈ ತನಕ ಒಂದಾದ್ರೂ ಕೋತಿ ಬರ್ದಿದ್ದೀರಾ?"

"ಮನುಷ್ಯರನ್ನ ತಿದ್ದಿದ್ದೀನಲ್ಲ. ಹತ್ತಿರದ ಸಂಬಂಧ."

"ಕೆಲಸ ಹೋದ್ರೆ?"

"ಕಲಾವಿದನಿಗೆ ಕೆಲಸ ಅನ್ನೋದು..." ಎಂದು ಭಾವ ಶುರುಮಾಡಿದರು. ಅಕ್ಕ ಒಳಗೆ ಹೋಗಿ ಒಲೆಯನ್ನೇ ಆರಿಸಿದಳು.

ಭಾನುವಾರ ಬೆಳಿಗ್ಗೆ ಊಟದ ಮೇಜೇ ಕಾರ್ಯಾಗಾರವಾಯಿತು. ಸ್ಟುಡಿಯೋದಿಂದ ತಂದ ಕಂಪ್ಯೂಟರು, ಪಕ್ಕದಲ್ಲಿ ಸ್ಲೇಟಿನಷ್ಟು ದೊಡ್ಡ ಡ್ರಾಯಿಂಗ್ ಪ್ಯಾಡು, ಕೈಯಲ್ಲಿ ಇಂಕಿಲ್ಲದ ಪೆನ್ನು. ಪ್ಯಾಡಿನ ಮೇಲೆ ಪೆನ್ನು ಆಡಿಸಿದರೆ ಸ್ಕ್ರೀನಿನ ಮೇಲೆ ಗೆರೆ ಮೂಡುತ್ತದೆ. ಗಟ್ಟಿಯಾಗಿ ಒತ್ತಿದರೆ ದಪ್ಪ ಗೆರೆ, ಮೆಲ್ಲಗೆ ಸವರಿದರೆ ಕೂದಲೆಳೆ. ಬರೆಯುವುದೆಲ್ಲ ಒಂದರ ಮೇಲೊಂದು ಪದರದಲ್ಲಿ, ಗಾಜಿನ ಮೇಲೆ ಗಾಜು ಇಟ್ಟ ಹಾಗೆ: ಮೈ ಒಂದು ಪದರ, ತುಪ್ಪಳ ಒಂದು ಪದರ, ಕಣ್ಣು ಒಂದು ಪದರ. ಬೇಡದ ಪದರವನ್ನು ಮರೆಮಾಡಬಹುದು, ಅಳಿಸಬೇಕಾಗಿಲ್ಲ. ಇದೆಲ್ಲ ಭಾವ ನನಗೆ ವಿವರಿಸುತ್ತಿದ್ದುದು, ನಾನು ಮೋಡ ಕವಿದ ಮುಖ ಮಾಡಿಕೊಂಡು ಸ್ಟೂಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾಗ.

ಯಾಕೆಂದರೆ ಮುಸುವ ನಾನೇ. ಇಂಟರ್‌ನೆಟ್ಟಿನ ಮುಸುವಗಳೆಲ್ಲ ಮರದ ಮೇಲೆ ಕೂತಿದ್ದವು. ತಾರಸಿಯ ಗೋಡೆಯ ಮೇಲೆ ಕೂತರೆ ಮಂಡಿ ಹೇಗೆ ಬರುತ್ತದೆ, ಭುಜ ಎಲ್ಲಿ ನಿಲ್ಲುತ್ತದೆ ಎಂದು ನೋಡಲು ಯಾರಾದರೂ ಬೇಕಿತ್ತು. ಬಾಲಕ್ಕೆ ಪರದೆ ಕಟ್ಟುವ ದಪ್ಪ ಹಗ್ಗ ಸಿಕ್ಕಿಸಿದ್ದರು.

"ಹಲ್ಲು ಕಿಸಿ. ಕೋಪದಲ್ಲಿ."

"ಬಾಡಿಗೆ ಕೊಡ್ದೆ ಇರೋನಿಗೆ ಕೋಪ ಎಲ್ಲಿಂದ ಬರುತ್ತೆ ಭಾವ?"

"ಹಾಗಾದ್ರೆ ಬಾಡಿಗೆ ಕೇಳ್ತೀನಿ" ಎಂದರು. ಹಲ್ಲು ತಾನಾಗಿ ಹೊರಗೆ ಬಂತು.

ಎದುರುಮನೆಯ ಹಲ್ಲಿನ ಡಾಕ್ಟರಮ್ಮ ಏನೋ ಕೇಳಲು ಬಂದವರು ನನ್ನನ್ನು ಆ ಸ್ಥಿತಿಯಲ್ಲಿ ಕಂಡು, ಬಂದ ಕಾರಣ ಮರೆತು, ಕುರ್ಚಿ ಎಳೆದುಕೊಂಡು ಕೂತರು. ಕೋರೆಹಲ್ಲು ಇಷ್ಟು ಉದ್ದ ಇರಬೇಕು, ಹಿಂದಕ್ಕೆ ಬಾಗಿರಬೇಕು, ವಸಡು ಇಷ್ಟು ಕಪ್ಪಗಿರಬೇಕು ಎಂದು ಒಂದೊಂದಾಗಿ ತಿದ್ದಿಸಿದರು. ಹೋಗುವಾಗ ನನ್ನ ಬಾಯಿಯೊಳಕ್ಕೂ ಒಮ್ಮೆ ಇಣುಕಿ, "ನೀವು ನಾಳೆ ಬನ್ನಿ" ಎಂದರು.

ಭಾವನ ಬಗ್ಗೆ ನಾನು ಸಾಕಷ್ಟು ಕೆಟ್ಟದ್ದು ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಆದರೆ ಆ ದಿನ ಅವರು ಬರೆದದ್ದನ್ನು ನೋಡಿ ನಾನು ಬಾಲದ ಹಗ್ಗ ಬಿಚ್ಚುವುದನ್ನೂ ಮರೆತೆ. ತುಪ್ಪಳವನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ಬೆನ್ನಿನ ಕಡೆ ಬೂದಿ ಬಣ್ಣ, ಎದೆಯ ಕಡೆ ಕೆನೆ ಬಣ್ಣ, ಮೊಣಕೈ ಹತ್ತಿರ ಉದುರಿ ತೆಳುವಾದ ಕೂದಲು. ಕರಿ ಮುಖದ ತುಂಬ ಸುಕ್ಕು, ಹುಬ್ಬಿನ ಮೇಲೆ ಹಳೇ ಗಾಯದ ಗುರುತು, ಒಂದು ಕಿವಿಯ ಅಂಚು ಹರಿದಿದೆ. ಕೆಲಸ ಹೋಗುವ ಭಯವೋ, ಮಾಲೀಕರ ಮೇಲಿನ ಸಿಟ್ಟೋ, ಎಲ್ಲವೂ ಆ ಕಣ್ಣಿಗೆ ಇಳಿದಿತ್ತು. ಅಕ್ಕ ತಟ್ಟೆ ಇಡಲು ಬಂದವಳು ಸ್ಕ್ರೀನು ನೋಡಿ ಹಿಂದೆ ಸರಿದಳು.

"ಇದು ಇಲ್ಲಿದ್ರೆ ನಾನು ಅಡುಗೆಮನೇಲೇ ಉಣ್ತೀನಿ" ಎಂದಳು.

ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ? ಅಲ್ಲಿಗೆ ಪೆನ್ನು ಕೆಳಗಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾವಿಬ್ಬರೂ ಎದ್ದು ಹೋದ ಮೇಲೆ ಭಾವ ಚಿತ್ರವನ್ನು ಒಮ್ಮೆ ನೋಡಿ, "ಇನ್ನು ಸ್ವಲ್ಪ ಫಿನಿಶಿಂಗ್" ಎಂದುಕೊಂಡರಂತೆ.

ಹುಟ್ಟುಗುಣ ಸುಟ್ಟರೂ ಹೋಗದು. ಮೊದಲು ಹಣೆಯ ಒಂದು ಸುಕ್ಕು, ಅದು ಅನವಶ್ಯಕ ಎನ್ನಿಸಿತಂತೆ. ಅದು ಹೋದ ಮೇಲೆ ಪಕ್ಕದ್ದು ಎದ್ದು ಕಂಡಿತು. ಅದೂ ಹೋಯಿತು. ಗಾಯದ ಗುರುತು ಮುಚ್ಚಿತು, ಹರಿದ ಕಿವಿ ಕೂಡಿಕೊಂಡಿತು. ಹಲ್ಲು ಬೆಳ್ಳಗಾಯಿತು. ಕಣ್ಣಿಗೆ ಎರಡು ಬಿಳಿ ಚುಕ್ಕೆ ಇಟ್ಟು ಹೊಳಪು ಕೊಟ್ಟರು, ತುಟಿಯ ಕೊನೆಯನ್ನು ಚೂರು ಮೇಲೆತ್ತಿದರು, ಮುಖದ ಬಣ್ಣವನ್ನು ಎರಡು ಪಟ್ಟು ತಿಳಿ ಮಾಡಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವರು ಹೆಗ್ಗಣವನ್ನು ಊರಿಗೇ ಮುದ್ದಾಗುವಂತೆ ಮಾಡಿಟ್ಟರು. ಸಂಜೆ ನಾನು ಬಂದು ನೋಡಿದಾಗ ಸ್ಕ್ರೀನಿನ ಮೇಲೆ ಹುಡುಗಿ ನೋಡಲು ಹೊರಟ ಒಳ್ಳೇ ಮನೆತನದ ಮುಸುವನೊಬ್ಬ ಕೂತಿದ್ದ.

"ಭಾವ, ಇದನ್ನ ನೋಡಿದ್ರೆ ಹೆದ್ರಿಕೆ ಆಗಲ್ಲ. ಕಾಫಿ ಕೊಡೋಣ ಅನ್ಸುತ್ತೆ."

"ನಿನಗೇನು ಗೊತ್ತು ಫಿನಿಶಿಂಗ್. ಹೋಗಿ ಪ್ರಿಂಟ್ ಹಾಕಿಸ್ಕೊಂಡು ಬಾ."

ನಮ್ಮ ಅಂಗಡಿಯ ಪಕ್ಕದಲ್ಲೇ ಬ್ಯಾನರ್ ಅಂಗಡಿ. ಬಟ್ಟೆಯ ಮೇಲೆ ಆಳೆತ್ತರ ಅಚ್ಚು ಹಾಕಿಸಿ, ಅಂಚಿಗೆ ಮಡಿಕೆ ಹೊಲಿದು, ಹಲಗೆಗೆ ಬಿಗಿದು ತಂದೆ. ಬೆಳಿಗ್ಗೆ ತಾರಸಿಯ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾಯಿತು. ಅಧ್ಯಕ್ಷರು ಸಂಘದ ಸದಸ್ಯರನ್ನೆಲ್ಲ ಕೂಡಿಸಿ, ನಾಗರಿಕತೆ ಮತ್ತು ಕೋತಿ ಎಂಬ ವಿಷಯವಾಗಿ ನಾಲ್ಕು ಮಾತಾಡಿದರು. ಆಮೇಲೆ ನಾವೆಲ್ಲ ಮೆಟ್ಟಿಲ ಬಾಗಿಲ ಹಿಂದೆ ಅಡಗಿ, ಸಂದಿಯಲ್ಲಿ ನೋಡುತ್ತ ನಿಂತೆವು.

ಹಿಂಡು ಬಂತು. ಮುಂದೆ ಅದರ ಯಜಮಾನ, ದಪ್ಪ ಕುತ್ತಿಗೆಯ ಗಂಡು. ಚಿತ್ರವನ್ನು ನೋಡಿ ಗಕ್ಕನೆ ನಿಂತಿತು. ಅಧ್ಯಕ್ಷರು ನನ್ನ ತೋಳು ಹಿಂಡಿದರು. ಕೋತಿ ಒಂದು ಹೆಜ್ಜೆ ಮುಂದಿಟ್ಟಿತು, ತಲೆ ಓರೆ ಮಾಡಿತು, ಇನ್ನೊಂದು ಹೆಜ್ಜೆ ಇಟ್ಟಿತು. ಆಮೇಲೆ ಮುಸುವನ ಪಕ್ಕದಲ್ಲಿ ಕೂತು, ಅವನ ತೋಳಿನ ತುಪ್ಪಳದಲ್ಲಿ ಹೇನು ಹುಡುಕತೊಡಗಿತು.

ಮರಿ ಎತ್ತಿಕೊಂಡ ಹೆಣ್ಣೊಂದು ಬಂದು, ಮರಿಯನ್ನು ಮುಸುವನ ಮಡಿಲಿದ್ದ ಜಾಗಕ್ಕೆ ಆನಿಸಿ ಕೂರಿಸಿ, ತಾನು ನಿಶ್ಚಿಂತೆಯಿಂದ ನಲ್ಲಿ ತಿರುಗಿಸಲು ಹೋಯಿತು.

"ತುಪ್ಪಳ ಅಂತೂ ಚೆನ್ನಾಗಿ ಬಂದಿದೆ" ಎಂದರು ಡಾಕ್ಟರಮ್ಮ.

ಭಾವ ನನ್ನ ಕಿವಿಯಲ್ಲಿ, "ನಿಜವಾದ್ದೇ ಅಂದ್ಕೊಂಡ್ವು ಕಣೋ. ನೋಡಿದ್ಯಾ?" ಎಂದರು. ದನಿಯಲ್ಲಿ ಹೆಮ್ಮೆ ಇತ್ತು. ಅಕ್ಕ ಹಿಂದೆಯೇ ನಿಂತಿದ್ದಳು. ಆಮೇಲೆ ಹೆಮ್ಮೆ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಬೀದಿಯ ಹಿಂಡೂ ಬಂತು. ಮಾರನೆಯ ದಿನ ನಾವು ಈ ತನಕ ಕಾಣದೇ ಇದ್ದ, ದೂರದ ಊರಿನವು ಎನ್ನಿಸುವಂಥ ಕೋತಿಗಳೂ ಬಂದವು. ಮುಸುವನ ಎಡಗಡೆ ಒಂದು ಸಾಲು, ಬಲಗಡೆ ಒಂದು ಸಾಲು, ನಡುವೆ ಅವನು ಹಸನ್ಮುಖಿ. ಎದುರು ಕಟ್ಟಡದವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡರು. ಯಾರೋ ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದರು. ಮೂರನೇ ಮಹಡಿಯಲ್ಲಿ ಯಾರದೋ ಬಟ್ಟೆ ಯಾರದೋ ಮನೆಯ ಕಿಟಕಿಯಲ್ಲಿ ಸಿಕ್ಕಿ, ಗಂಡ ಹೆಂಡತಿ ಇಡೀ ದಿನ ಮಾತು ಬಿಟ್ಟರು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎಂಬ ಗಾದೆಯನ್ನು ಅಧ್ಯಕ್ಷರು ಮೆಟ್ಟಿಲ ಮೇಲೆ ಹೋಗುವಾಗ ಬರುವಾಗ ಹೇಳತೊಡಗಿದರು. ಕೋತಿ ಎನ್ನುವಾಗ ನಮ್ಮ ಬಾಗಿಲ ಕಡೆ ನೋಡುತ್ತಿದ್ದರು.

ವಿಡಿಯೋ ನೋಡಿ ನಗರಸಭೆಯ ಪ್ರಾಣಿ ವಿಭಾಗದ ಅಧಿಕಾರಿಯೊಬ್ಬರು ಬಂದರು. ಕೈಯಲ್ಲಿ ಬಲೆ ಇರಲಿಲ್ಲ, ಪೆನ್ನಿತ್ತು.

"ಇದಕ್ಕೆ ಪರವಾನಗಿ ಇದೆಯಾ?"

"ಚಿತ್ರಕ್ಕೆ ಪರವಾನಗಿ ಬೇಕಾ ಸಾರ್?" ಎಂದರು ಭಾವ.

"ಚಿತ್ರಕ್ಕಲ್ಲ. ಪ್ರಾಣಿಗಳನ್ನ ಒಂದು ಕಡೆ ಸೇರಿಸೋದಕ್ಕೆ."

"ನಾವು ಓಡ್ಸೋಕೆ ಹಾಕಿದ್ದು."

ಅಧಿಕಾರಿಗಳು ಬಾಗಿಲ ಸಂದಿಯಲ್ಲಿ ಇನ್ನೊಮ್ಮೆ ನೋಡಿದರು. "ಓಡ್ಸೋನು ಹೀಗೆ ನಗ್ತಾನೇನ್ರೀ? ಇವನು ಬನ್ನಿ ಕೂತ್ಕೊಳ್ಳಿ ಅಂತಿದ್ದಾನೆ." ಆಮೇಲೆ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಹಿಂದೆ ಮುಸುವ ಬರುವ ಹಾಗೆ ನನ್ನ ಕೈಯಲ್ಲಿ ಒಂದು ಫೋಟೋ ತೆಗೆಸಿಕೊಂಡು ಹೋದರು.

ವಿಡಿಯೋ ಸ್ಟುಡಿಯೋ ಮಾಲೀಕರಿಗೂ ತಲುಪಿತು. ಅವರು ಭಾವನಿಗೆ ಫೋನು ಮಾಡಿ, ಬೈಯಲಿಲ್ಲ. ಅದೇ ಕೆಟ್ಟದ್ದು. ಸೋಮವಾರ ಬಂದು ಕಂಪ್ಯೂಟರು, ಪ್ಯಾಡು, ಬಾಗಿಲ ಕೀಲಿ ಎಲ್ಲ ಒಪ್ಪಿಸಿ ಹೋಗಿ ಎಂದರು, ಬಹಳ ಮೃದುವಾಗಿ.

ಆ ಸಂಜೆ ಅಕ್ಕ ಅಡುಗೆಗೇ ಹೋಗಲಿಲ್ಲ. ಭಾವ ಕಂಪ್ಯೂಟರಿನ ಮುಂದೆ ಕೂತಿದ್ದರು. ಅವರನ್ನು ರೇಗಿಸಲು ನನ್ನ ಬಳಿ ಒಳ್ಳೊಳ್ಳೆಯ ಮಾತುಗಳಿದ್ದವು, ಎಲ್ಲವನ್ನೂ ಇನ್ನೊಂದು ದಿನಕ್ಕೆ ಎತ್ತಿಟ್ಟೆ. ಪಾಪ ಅನ್ನಿಸಿತು, ನಿಜ ಹೇಳುತ್ತೇನೆ. ಒಬ್ಬ ಮನುಷ್ಯ ಜೀವಮಾನವಿಡೀ ಊರವರನ್ನೆಲ್ಲ ಚೆಂದ ಮಾಡಿ, ಆ ಚೆಂದ ಮಾಡುವ ಗುಣದಿಂದಲೇ ಕೆಲಸ ಕಳೆದುಕೊಳ್ಳುವುದು ನ್ಯಾಯವಲ್ಲ.

"ನಾನೇನು ತಪ್ಪು ಮಾಡ್ದೆ ಅಂತ ಗೊತ್ತಾಗ್ತಿಲ್ಲ" ಎಂದು ಭಾವ ಅಕ್ಕನಿಗೆ ತೋರಿಸತೊಡಗಿದರು. "ನೋಡು, ಇದು ಹಲ್ಲಿಗೆ ಕೊಟ್ಟ ಬಿಳುಪು." ಆ ಪದರವನ್ನು ಮರೆಮಾಡಿದರು, ಹಲ್ಲು ಹಳದಿಯಾಯಿತು. "ಇದು ಕಣ್ಣಿನ ಹೊಳಪು." ಹೊಳಪು ಹೋಯಿತು. "ಇದು ನಗು. ಇದು ಮುಖದ ಬಣ್ಣ. ಇದು ಸುಕ್ಕು ಮುಚ್ಚಿದ್ದು."

ಕೊನೆಯ ಪದರ ಹೋಗುತ್ತಿದ್ದಂತೆ ಸ್ಕ್ರೀನಿನಲ್ಲಿ ಭಾನುವಾರದ ಮುಸುವ ಕೂತಿದ್ದ, ಗಾಯ, ಹರಿದ ಕಿವಿ, ಸಿಟ್ಟು ಎಲ್ಲದರ ಸಮೇತ. ಅಷ್ಟು ದಿನವೂ ಫಿನಿಶಿಂಗಿನ ಕೆಳಗೆ ಕೂತು ಕಾಯುತ್ತಿದ್ದನೋ ಏನೋ. ಅಕ್ಕ ಕುರ್ಚಿ ಹಿಂದಕ್ಕೆ ತಳ್ಳಿದಳು.

"ನಿಲ್ಸಿ. ಇನ್ನು ಅದನ್ನ ಮುಟ್ಬೇಡಿ. ಹೀಗೇ ಪ್ರಿಂಟ್ ಹಾಕ್ಸಿ."

"ಹೀಗೇನಾ? ಹಣೆ ಮೇಲೆ ಒಂದೇ ಒಂದು ಗೆರೆ..." ಭಾವನ ಕೈ ಆಗಲೇ ಪ್ಯಾಡಿನ ಮೇಲೆ ಜಾರುತ್ತಿತ್ತು. ಅಕ್ಕ ಅವರ ಕೈಯಿಂದ ಪೆನ್ನು ಕಿತ್ತುಕೊಂಡು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು. ಆ ಜಾಗದಿಂದ ಏನನ್ನೂ ವಾಪಸ್ಸು ಪಡೆಯುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಹೊಸ ಮುಸುವನನ್ನು ಹಳಬನ ಜಾಗದಲ್ಲಿ ನಿಲ್ಲಿಸಿದೆವು. ಈ ಸಲ ಭಾಷಣ ಇರಲಿಲ್ಲ. ಕೋತಿಗಳು ಪರಿಚಯದ ಗೆಳೆಯನನ್ನು ನೋಡಲು ಬರುವ ಗತ್ತಿನಲ್ಲೇ ಬಂದವು. ಯಜಮಾನ ಕೋತಿ ಗೋಡೆ ಹತ್ತಿ, ತಲೆಯೆತ್ತಿ ನೋಡಿತು. ಕೂಗಲೂ ಇಲ್ಲ, ಹಲ್ಲು ಕಿಸಿಯಲೂ ಇಲ್ಲ. ಹತ್ತಿದ ವೇಗದಲ್ಲೇ ತಿರುಗಿ ಪಕ್ಕದ ಕಟ್ಟಡಕ್ಕೆ ಹಾರಿತು. ಹಿಂಡು ಹಿಂದೆಯೇ ಹಾರಿತು. ನಿಮಿಷದಲ್ಲಿ ತಾರಸಿ ಖಾಲಿ. ನಾವು ತಿರುಗಿ ನೋಡಿದರೆ ಅಧ್ಯಕ್ಷರೂ ಇರಲಿಲ್ಲ.

ಕೋತಿಗಳು ಹೋದವು ಎಂದು ಭಾವ ಒಂದು ದಿನ ಎದೆಯುಬ್ಬಿಸಿ ಓಡಾಡಿದರು. ಮಾರನೆಯ ದಿನ ತಿಳಿಯಿತು, ಅವುಗಳ ಜೊತೆ ಜನರೂ ಹೋಗಿದ್ದರು. ಬಟ್ಟೆ ಒಣಗಿಸಲು ಯಾರೂ ಮೇಲೆ ಹತ್ತಲೊಲ್ಲರು. ಟ್ಯಾಂಕು ತೊಳೆಯುವವನು ಅರ್ಧ ಮೆಟ್ಟಿಲಿಂದ ವಾಪಸ್ಸಾಗಿ, ಮೇಲೆ ಯಾರೋ ಇದ್ದಾರೆ, ಅವರು ಇಳಿದ ಮೇಲೆ ಬರ್ತೀನಿ ಎಂದು ಹೇಳಿ ಹೋದ. ಕೋತಿಯಿಂದ ಜಗಳವಾಡುತ್ತಿದ್ದವರೆಲ್ಲ ಈಗ ಒಗ್ಗಟ್ಟಾಗಿ ನಮ್ಮ ಬಾಗಿಲು ತಟ್ಟಿದರು.

ಕೋತಿ ಹೋದ ಸುದ್ದಿ ಕೇಳಿ ಸ್ಟುಡಿಯೋ ಮಾಲೀಕರು ಸೋಮವಾರಕ್ಕೂ ಮುಂಚೆ ತಾವೇ ಪರೀಕ್ಷೆಗೆ ಬಂದರು. ಭಾವ, ಅಕ್ಕ, ಅಧ್ಯಕ್ಷರು, ನಾನು, ಎಲ್ಲ ಹಿಂದೆ ಹತ್ತಿದೆವು. ಮಾಲೀಕರು ತಾರಸಿಗೆ ಕಾಲಿಟ್ಟವರು ಮುಸುವನನ್ನು ಕಂಡು ಎರಡು ಮೆಟ್ಟಿಲು ಕೆಳಕ್ಕೆ, ನನ್ನ ಕಾಲಿನ ಮೇಲೆ ಇಳಿದರು. ಸುಧಾರಿಸಿಕೊಂಡು ಮತ್ತೆ ಬಂದು, ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ಕೋತಿ ಹೋಯ್ತು, ಒಪ್ಪಿದೆ. ಆದ್ರೆ ನೀವೇ ಹೇಳಿ, ಊರಲ್ಲಿ ಇನ್ನೆಷ್ಟು ಕಟ್ಟಡಕ್ಕೆ ಮುಸುವ ಬೇಕಾಗುತ್ತೆ? ಅಂಗಡಿಗೆ ಬರೋ ಜನಕ್ಕೆ ಬೇಕಾಗಿರೋದು ಚೆಂದದ ಮುಖ. ಅದಕ್ಕೆ ಫೋನ್ ಇದೆ."

"ಮಾತು ಕೊಟ್ಟಿದ್ರಿ ಸಾರ್" ಎಂದರು ಭಾವ.

"ಕೊಟ್ಟಿದ್ದೆ. ಆಗ ಕೋತಿ ಹೋಗಲ್ಲ ಅಂದ್ಕೊಂಡಿದ್ದೆ."

ಅಕ್ಕನ ಕೈ ತುರುಬಿನ ಪೆನ್ನಿಗೆ ಹೋಯಿತು. ಅದನ್ನು ತೆಗೆದು ಒಪ್ಪಿಸಿಬಿಡುತ್ತಾಳೋ, ಅದರಿಂದ ಚುಚ್ಚುತ್ತಾಳೋ ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಟ್ಯಾಂಕಿನ ಆ ಬದಿಯಿಂದ ಯಾರೋ ಕೆಮ್ಮಿದರು.

ನೋಡಿದರೆ ಅಧ್ಯಕ್ಷರ ತಾಯಿ. ನಾವೆಲ್ಲ ಅಜ್ಜಿ ಎನ್ನುವವರು. ಮುಸುವನ ಎದುರಿಗೆ ಕುರ್ಚಿ ಹಾಕಿಕೊಂಡು, ಬಿಸಿಲಿಗೆ ಕಾಲು ಚಾಚಿ ಕೂತಿದ್ದರು.

"ಅಮ್ಮಾ, ನೀನು ಇಲ್ಲೇನು ಮಾಡ್ತಿದ್ದೀಯ? ಹೆದರಿಕೆ ಆಗಲ್ವಾ?" ಎಂದರು ಅಧ್ಯಕ್ಷರು.

"ಇದನ್ನ ನೋಡಿ ಹೆದರೋದೇನು? ಮುಖ ನೋಡು ಇದರದ್ದು. ಬಿಸಿಲು, ಗಾಳಿ, ಮಕ್ಕಳು ಮರಿ, ಜಗಳ, ಎಲ್ಲ ಕಂಡಿದೆ. ಈ ಕಟ್ಟಡದಲ್ಲಿ ನನ್ನ ವಯಸ್ಸಿನೋರು ಇನ್ಯಾರಿದ್ದಾರೆ, ಇದು ಬಿಟ್ರೆ?" ಎಂದು ಅಜ್ಜಿ ಭಾವನ ಕಡೆ ತಿರುಗಿದರು. "ಬರ್ದೋನು ನೀನೇನಪ್ಪ? ನನ್ನದೂ ಒಂದು ಬರ್ಕೊಡು."

"ಅಜ್ಜಿ, ಅಂಗಡಿಗೆ ಬನ್ನಿ, ಫೋನಲ್ಲೇ ಚೆನ್ನಾಗಿ..." ಎಂದು ಮಾಲೀಕರು ಮುಂದೆ ಬಂದರು.

"ನಿಮ್ಮ ಫೋನು ನಂಗೆ ಗೊತ್ತು. ನನ್ನ ಮಗ ದಿನಾ ಫೋಟೋ ತೆಗೀತಾನೆ. ಒಂದ್ರಲ್ಲೂ ನಾನಿಲ್ಲ. ಯಾರೋ ಸುಣ್ಣ ಬಳ್ಕೊಂಡೋಳು ಕೂತಿರ್ತಾಳೆ. ನಾಳೆ ನಾನು ಹೋದ ಮೇಲೆ ಅವಳನ್ನ ಗೋಡೆಗೆ ಹಾಕ್ಕೊಂಡು ಇವನು ಅಮ್ಮ ಅಂತಾನೆ. ನಂಗದು ಬೇಡ." ಅಜ್ಜಿ ಮುಸುವನ ಕಡೆ ಕೈ ತೋರಿದರು. "ಈ ಕೋತಿಗೆ ಕೊಟ್ಟ ಮರ್ಯಾದೆ ನನ್ನ ಮುಖಕ್ಕೂ ಕೊಡಪ್ಪ. ಒಂದು ಗೆರೆ ಬಿಡ್ಬಾರ್ದು."

ಭಾವನಿಗೆ ಇದು ಮುಸುವನಿಗಿಂತ ಕಷ್ಟವಾಯಿತು. ಅಜ್ಜಿ ಊಟದ ಮೇಜಿನ ಆಚೆ ಕೂತರು, ಅಕ್ಕ ತುರುಬಿನ ಪೆನ್ನು ತೆಗೆದುಕೊಟ್ಟು ಭಾವನ ಪಕ್ಕದಲ್ಲಿ ಕಾವಲು ಕೂತಳು. ಭಾವನ ಕೈ ಗೆರೆ ಒರೆಸಲು ಹೋದಾಗಲೆಲ್ಲ ಅಕ್ಕ ಕೆಮ್ಮುತ್ತಿದ್ದಳು. ಕಣ್ಣಿನ ಸುತ್ತಲ ಗೆರೆ, ಗದ್ದದ ಮೇಲೆ ಸೈಕಲ್ಲಿಂದ ಬಿದ್ದ ಗುರುತು, ನಕ್ಕಾಗ ಕಾಣುವ ಖಾಲಿ ಹಲ್ಲಿನ ಜಾಗ, ಒಂದೊಂದಕ್ಕೂ ಅಜ್ಜಿ ಒಂದೊಂದು ಕಥೆ ಹೇಳಿದರು. ಭಾವ ಕೇಳಿಸಿಕೊಂಡು ಬರೆದರು. ಯಾರ ಮಾತನ್ನಾದರೂ ಅವರು ಪೂರ್ತಿ ಕೇಳಿಸಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಚಿತ್ರ ಮುಗಿದ ದಿನ ಅಧ್ಯಕ್ಷರು ಬಂದು ನೋಡಿದರು. ಬಹಳ ಮಾತಿನ ಮನುಷ್ಯ. ಚಿತ್ರದ ಮುಂದೆ ಕೂತು, "ಅಮ್ಮ" ಎಂದರು, ಅಷ್ಟೆ.

ಆ ಚಿತ್ರದ ಒಂದು ಪ್ರತಿಯನ್ನು ಅಜ್ಜಿಯೇ ಹಟ ಹಿಡಿದು ಸ್ಟುಡಿಯೋ ಕಿಟಕಿಯಲ್ಲಿ ಇಡಿಸಿದರು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬರು ತಂದೆಯನ್ನು ಕರೆದುಕೊಂಡು ಬಂದರು, ಇನ್ನೊಬ್ಬರು ಚಿಕ್ಕಮ್ಮನನ್ನು. ಎಲ್ಲರದೂ ಒಂದೇ ಮಾತು: ಫೋನಲ್ಲಿ ಎಷ್ಟೋ ಫೋಟೋ ಇವೆ, ಒಂದರಲ್ಲೂ ಅವರಿಲ್ಲ. ಸ್ಟುಡಿಯೋ ಮಾಲೀಕರಿಗೆ ಮನುಷ್ಯರ ಮನಸ್ಸು ನಿಧಾನವಾಗಿ ಅರ್ಥವಾದರೂ ವ್ಯಾಪಾರ ಬೇಗ ಅರ್ಥವಾಗುತ್ತದೆ. ಭಾವನ ಕುರ್ಚಿಗೆ ಹೊಸ ದಿಂಬು ಬಂತು. ಕಿಟಕಿಯ ಮೇಲೆ 'ಇದ್ದ ಮುಖ ಇದ್ದ ಹಾಗೆ' ಎಂದು ಬೋರ್ಡು ಬಂತು. ಅಕ್ಕನಿಗೂ ಬುಲಾವು ಬಂತು, ಕೆಮ್ಮಲು. ತಾರಸಿಯ ಮುಸುವನಿಗೆ ನಾನು ಒಂದು ಪರದೆ ಹೊಲಿದುಕೊಟ್ಟೆ. ಜನ ಮೇಲೆ ಹೋಗುವಾಗ ಮುಚ್ಚುತ್ತಾರೆ, ಇಳಿಯುವಾಗ ತೆರೆಯುತ್ತಾರೆ.

ಮೊನ್ನೆ ನಾನು ಅಕ್ಕ, ಭಾವನನ್ನು ಕರೆತರಲು ಹೋಗಿದ್ದಾಗ, ಸ್ಟುಡಿಯೋ ಮುಚ್ಚುವ ಮುಂಚೆ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಮಾಲೀಕರೇ ಬಂದು ಸ್ಟೂಲಿನ ಮೇಲೆ ಕೂತರು. "ನನ್ನದೂ ಒಂದು ಆಗ್ಲಿ" ಎಂದರು. ಭಾವ ಬರೆಯುತ್ತ ಹೋದರು. ಬಣ್ಣ ಹಚ್ಚಿದ ಕೂದಲಿನ ಬುಡದಲ್ಲಿ ಇಣುಕುವ ಬಿಳಿ, ಕಿವಿಯೊಳಗಿನ ಕುಚ್ಚು, ಜಿಪುಣತನದಿಂದ ಬಿಗಿದ ತುಟಿ, ಲೆಕ್ಕ ಹಾಕುವಾಗ ಕಿರಿದಾಗುವ ಎಡಗಣ್ಣು. ಅಕ್ಕನಿಗೆ ಒಂದು ಸಲವೂ ಕೆಮ್ಮಬೇಕಾಗಿ ಬರಲಿಲ್ಲ.

ಮಾಲೀಕರು ಸ್ಕ್ರೀನಿನ ಮುಂದೆ ಬಂದು ನಿಂತರು. ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಭಾವನ ಕಿವಿಯ ಹತ್ತಿರ ಬಗ್ಗಿ, ದನಿ ತಗ್ಗಿಸಿದರು.

"ಇಲ್ಲಿ ಸ್ವಲ್ಪ... ಫಿನಿಶಿಂಗ್ ಮಾಡಿದ್ರೆ?"

ಭಾವ ಪೆನ್ನನ್ನು ಅಂಗಿಯ ತುದಿಗೆ ಒರೆಸಿ ಮೇಜಿನ ಮೇಲಿಟ್ಟರು.

"ಅದಕ್ಕೆ ಫೋನ್ ಇದೆಯಲ್ಲ ಸಾರ್" ಎಂದರು.